ಹನ್ನೆರಡು ತಂತಿಯ ಸ್ಟೆಲ್ಲಾ ಪ್ರತಿಕೃತಿ: ದೀರ್ಘ ಬಳಕೆಯ ಅನುಭವ

ಈ ಗಿಟಾರನ್ನು ಇ ಶ್ರುತಿಗೆ, ಅಂದರೆ ಮಾಮೂಲಿ ಗಿಟಾರಿನ ಶ್ರುತಿಗೆ, ಏರಿಸಬೇಡಿ. ಕೊಳ್ಳುವವರಿಗೆ ಮೊದಲು ಹೇಳಬೇಕಾದ ಮಾತು ಇದೇ.

ಜೆರ್ಸಿ ಸಿಟಿಯ ಆಸ್ಕರ್ ಶ್ಮಿಟ್ ಕಂಪನಿ ತಯಾರಿಸುತ್ತಿದ್ದ ಸ್ಟೆಲ್ಲಾವನ್ನು, ಅಂದರೆ ಅಮೆರಿಕದ ಬ್ಲೂಸ್ ಗಾಯಕ ಲೆಡ್ ಬೆಲ್ಲಿಯ ಕೈಯಲ್ಲಿ ಹೆಸರಾದ ವಾದ್ಯವನ್ನು, ನೋಡಿಕೊಂಡು ಕೈಯಿಂದಲೇ ಕಟ್ಟಿದ್ದು ಇದು. ತಂತಿಯ ಉದ್ದ 26.5 ಇಂಚು, ಮಾಮೂಲಿ ಗಿಟಾರಿಗಿಂತ ಸುಮಾರು ಒಂದಿಂಚು ಹೆಚ್ಚು. ಹನ್ನೆರಡು ತಂತಿಗಳು ಆರು ಜೋಡಿಗಳಾಗಿವೆ; ಇ ಶ್ರುತಿಗೆ ಹೋದರೆ ಮೂರನೆಯ ಜೋಡಿಯ ಸಣ್ಣ ತಂತಿ ಮೊದಲು ತುಂಡಾಗುತ್ತದೆ. ಅಷ್ಟು ಉದ್ದದಲ್ಲಿ ಆ ಸ್ವರ ಉಕ್ಕಿನ ಮಿತಿಗೆ ತೀರ ಹತ್ತಿರ. ಲೆಡ್ ಬೆಲ್ಲಿ ಬಹಳ ಕೆಳಗಿಳಿಸಿಯೇ ನುಡಿಸುತ್ತಿದ್ದ. ಸಿ ಶ್ರುತಿ ಇದಕ್ಕೆ ಒಪ್ಪುತ್ತದೆ: ಆರನೆಯ ಜೋಡಿಯಿಂದ ಸಿ, ಎಫ್, ಬಿ ಫ್ಲಾಟ್, ಇ ಫ್ಲಾಟ್, ಜಿ, ಸಿ. ಮೊದಲ ಜೋಡಿಗೆ 0.013 ಇಂಚು, ಮಂದ್ರಕ್ಕೆ 0.060 ದಪ್ಪದ ತಂತಿ, ಅದರ ಜೊತೆಗೆ ಒಂದು ಸ್ಥಾಯಿ ಮೇಲಿನದಕ್ಕೆ 0.030. ಮಾಮೂಲಿ ಲೈಟ್ ಸೆಟ್ (ತೆಳು ತಂತಿಗಳು) ಹಾಕಿದರೆ ತಂತಿ ಸಡಿಲಾಗಿ ಫ್ರೆಟ್ಟಿಗೆ ಬಡಿಯುತ್ತದೆ. ದಪ್ಪ ತಂತಿ ಹಾಕುವ ಮೊದಲು ಕತ್ತಿನ ತುದಿಯಲ್ಲಿ ತಂತಿ ಹಾಯುವ ನಟ್‌ನ ಸೀಳನ್ನು ಅಗಲಿಸಿಕೊಳ್ಳಿ. ಇಲ್ಲದಿದ್ದರೆ ತಂತಿ ಅಲ್ಲೇ ಸಿಕ್ಕಿಕೊಂಡು ಶ್ರುತಿ ಜಿಗಿಯುತ್ತದೆ.

ನಾದದ ಗುಟ್ಟು ಮೇಲ್ಹಲಗೆಯ ಒಳಬದಿಗೆ ಅಂಟಿಸಿದ ಮರದ ಪಟ್ಟಿಗಳಲ್ಲಿದೆ. ಎಕ್ಸ್ ಆಕಾರವಲ್ಲ, ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಕೂರಿಸಿದ್ದಾರೆ. ಸ್ವರ ಥಟ್ಟನೆ ಹೊರಟು ಬೇಗ ಅಡಗುತ್ತದೆ. ಹೆಬ್ಬೆರಳಿನ ಪಿಕ್‌ನಲ್ಲಿ ಮಂದ್ರದ ಓಟ ಎಷ್ಟೇ ವೇಗವಾಗಿರಲಿ, ಒಂದು ಸ್ವರ ಇನ್ನೊಂದರ ಮೇಲೆ ಬೀಳುವುದಿಲ್ಲ. ಹನ್ನೆರಡು ತಂತಿಯ ಗಿಟಾರ್ ನುಡಿಸುತ್ತಿದ್ದ ಅಟ್ಲಾಂಟಾದ ಬ್ಲೂಸ್ ಗಾಯಕ ಬಾರ್ಬೆಕ್ಯೂ ಬಾಬ್ 1927ರಿಂದ ಧ್ವನಿಮುದ್ರಿಸಿದ ತಟ್ಟೆಗಳನ್ನು ಕೇಳಿದವರಿಗೆ ಈ ಗುಣದ ಬೆಲೆ ಗೊತ್ತಿರುತ್ತದೆ. ಮಿನುಗುವ, ಉದ್ದಕ್ಕೆ ಹರಿಯುವ ಸ್ಟ್ರಮ್ಮಿಂಗ್ ಬೇಕಾದವರಿಗೆ ಇದು ಬೇಡ.

ಮೇಲ್ಹಲಗೆಯ ಮೇಲೆ ತಂತಿಗಳನ್ನು ಹೊರುವ ಬ್ರಿಡ್ಜ್ ಅಂಟಿಸಿಲ್ಲ. ಗಿಟಾರಿನ ಬುಡದಲ್ಲಿ ತಂತಿ ಹಿಡಿಯುವ ಟೇಲ್‌ಪೀಸಿನಿಂದ ಬರುವ ತಂತಿಗಳ ಒತ್ತಡದಲ್ಲೇ ನಿಂತಿದೆ. ಹಾಗಾಗಿ ಹನ್ನೆರಡೂ ತಂತಿಯನ್ನು ಒಟ್ಟಿಗೆ ಬಿಚ್ಚಬಾರದು, ಒಂದೊಂದೇ ಜೋಡಿ ಬದಲಿಸಬೇಕು. ಜಾಗ ತಪ್ಪಿದರೆ ಹನ್ನೆರಡನೆಯ ಫ್ರೆಟ್‌ನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಮೆಲ್ಲಗೆ ಮುಟ್ಟಿ ಹೊರಡಿಸುವ ಸ್ವರ) ಮತ್ತು ಒತ್ತಿದ ಸ್ವರ ಒಂದಾಗುವ ತನಕ ಸರಿಸಿ; ಮಂದ್ರದ ಬದಿ 3–4 ಮಿ.ಮೀ. ಹಿಂದಕ್ಕಿರಲಿ. ಒಂದೇ ಜೋಡಿಯ ದಪ್ಪ, ಸಣ್ಣ ತಂತಿಗಳೆರಡೂ ಕರಾರುವಾಕ್ಕಾಗಿ ಕೂರುವುದಿಲ್ಲ. ನಡುವಿನ ಜಾಗಕ್ಕೆ ಒಪ್ಪಿಕೊಳ್ಳಬೇಕು. ಟೇಲ್‌ಪೀಸ್ ಮತ್ತು ಬ್ರಿಡ್ಜ್ ನಡುವಿನ ತಂತಿ ಝೇಂಕರಿಸಿದರೆ ಫೆಲ್ಟ್ ಪಟ್ಟಿ ಹೆಣೆದರೆ ಸಾಕು.

ಮೇಲ್ಹಲಗೆಯ ಮೇಲೆ ಮಾತ್ರ ಸದಾ ಕಣ್ಣಿರಲಿ. ಅಂಟಿಸಿದ ಬ್ರಿಡ್ಜಿನ ಗಿಟಾರಿನಲ್ಲಿ ಅದು ಉಬ್ಬುತ್ತದೆ, ಇದರಲ್ಲಿ ಕುಸಿಯುತ್ತದೆ. ಬೆರಳಿನಿಂದ ತಟ್ಟಿದಾಗ ಒಳಗೆ ಕಟಕಟ ಎಂದರೆ ಪಟ್ಟಿ ಅಂಟು ಬಿಟ್ಟಿದೆ ಎಂದರ್ಥ. ಆಗ ತಂತಿ ಇಳಿಸಿ ರಿಪೇರಿಗೆ ಕೊಡಿ. ಹಳೆಯ ಪದ್ಧತಿಯಂತೆ ಕತ್ತಿನಲ್ಲಿ ಟ್ರಸ್ ರಾಡ್ ಎಂಬ ಲೋಹದ ಸರಳು ಇಲ್ಲ, ಬಾಗಿದರೆ ತಿರುಗಿಸಿ ಸರಿಪಡಿಸುವಂತಿಲ್ಲ. ಕರಾವಳಿಯವರು ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಮತ್ತು ಹೈಗ್ರೋಮೀಟರ್ ಇಟ್ಟು ತೇವಾಂಶವನ್ನು 45–55 ಶೇಕಡಾದಲ್ಲಿ ಹಿಡಿಯಬೇಕು. ಪ್ರಾಣಿಜನ್ಯ ಅಂಟು ಬಿಸಿಗೆ ಮೆತ್ತಗಾಗುವುದರಿಂದ ಬಿಸಿಲಲ್ಲಿ ನಿಂತ ಕಾರಿನಲ್ಲಂತೂ ಬಿಡಲೇಬಾರದು.