ಯೋಧಸಂತನನ್ನು ಕಾಣಲು ಹೋಗುವವರಿಗೆ: ಥೆಸಲೊನೀಕಿಯ ಸಂತ ದಿಮಿತ್ರಿಯೊಸ್ ಬೆಸಿಲಿಕಾ

ಕೆಂಪು ಕುದುರೆಯೇರಿ ಶತ್ರುವಿಗೆ ಈಟಿಯಿಂದ ತಿವಿಯುವ ಸಂತ ದಿಮಿತ್ರಿಯೊಸನ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಗ್ರೀಸಿನ ಥೆಸಲೊನೀಕಿಗೆ ಹೋಗುವವರು ಆತನ ಬೆಸಿಲಿಕಾದಲ್ಲಿ, ಅಂದರೆ ಕಂಬಸಾಲುಗಳ ದೊಡ್ಡ ಚರ್ಚಿನಲ್ಲಿ, ಮೊದಲು ಬಲಿಪೀಠದ ಬಳಿಯ ಕಂಬಗಳತ್ತ ನಡೆಯಬೇಕು. ಅಲ್ಲಿ ಉಳಿದಿರುವ ಏಳನೆಯ ಶತಮಾನದ ಮೊಸಾಯಿಕ್‌ಗಳಲ್ಲಿ (ಬಣ್ಣದ ಪುಟ್ಟ ತುಣುಕುಗಳನ್ನು ಜೋಡಿಸಿ ಮಾಡಿದ ಚಿತ್ರಗಳಲ್ಲಿ) ಸಂತನ ಮೈಮೇಲೆ ಕವಚವಿಲ್ಲ, ಕೈಯಲ್ಲಿ ಆಯುಧವಿಲ್ಲ. ಒಂದರಲ್ಲಿ ಆತ ಬಿಷಪ್ ಹಾಗೂ ನಗರಾಧಿಕಾರಿಯ ನಡುವೆ ನಿಂತು ಇಬ್ಬರ ಹೆಗಲ ಮೇಲೂ ಕೈಯಿಟ್ಟಿದ್ದರೆ, ಇನ್ನೊಂದರಲ್ಲಿ ಎರಡು ಮಕ್ಕಳ ಜೊತೆಗಿದ್ದಾನೆ. ಉಡುಪು ಉನ್ನತ ರಾಜಾಧಿಕಾರಿಯದು, ಮುಖ ಎಳೆಯ ಯುವಕನದು. ನನ್ನ ಮಟ್ಟಿಗೆ ಇಡೀ ಕಟ್ಟಡದಲ್ಲಿ ಇವಕ್ಕೆ ಸಮನಾದದ್ದು ಬೇರೊಂದಿಲ್ಲ.

ದಂತಕಥೆಯಲ್ಲಿಯೂ ದಿಮಿತ್ರಿಯೊಸ್ ಸ್ವತಃ ಯಾರೊಂದಿಗೂ ಕಾದಾಡುವುದಿಲ್ಲ. ನಾಲ್ಕನೆಯ ಶತಮಾನದ ಆರಂಭದಲ್ಲಿ ಕ್ರಿಸ್ತಮತವನ್ನು ಬೋಧಿಸಿದ್ದಕ್ಕಾಗಿ ಆತನನ್ನು ಸ್ನಾನಗೃಹವೊಂದರಲ್ಲಿ ಸೆರೆಯಿಡಲಾಗಿತ್ತು. ಆತನ ಆಶೀರ್ವಾದ ಪಡೆದ ನೆಸ್ತೊರ್ ಎಂಬ ತರುಣನು ಲಿಯೆಯೊಸ್ ಎಂಬ ದೈತ್ಯಬಲದ ಗ್ಲಾಡಿಯೇಟರನನ್ನು ಅಖಾಡದಲ್ಲಿ ಕೊಂದಾಗ ಕೆರಳಿದ ಚಕ್ರವರ್ತಿಯು ಸಂತನನ್ನು ಈಟಿಗಳಿಂದ ಇರಿಸಿ ಕೊಲ್ಲಿಸಿದನೆಂಬುದು ಕಥೆ. ಆತನನ್ನು ಯೋಧನನ್ನಾಗಿಸಿದ್ದು ಅವಾರರು ಮತ್ತು ಸ್ಲಾವರು ಎಂಬ ದಾಳಿಕೋರ ಜನಾಂಗಗಳು ಈ ನಗರಕ್ಕೆ ಹಾಕಿದ ಮುತ್ತಿಗೆಗಳು. ಸಂಕಟದ ಹೊತ್ತಿನಲ್ಲಿ ಸಂತನೇ ಕೋಟೆಗೋಡೆಯ ಮೇಲೆ ಕಾಣಿಸಿಕೊಂಡು ವೈರಿಯನ್ನು ಹಿಮ್ಮೆಟ್ಟಿಸಿದನೆಂದು ಏಳನೆಯ ಶತಮಾನದ ಪವಾಡಕಥೆಗಳು ಹೇಳುತ್ತವೆ. 1207ರಲ್ಲಿ ಬಲ್ಗೇರಿಯಾದ ದೊರೆ ಕಲೊಯಾನ್ ನಗರದ ಹೊರಗೆ ಸತ್ತಾಗ ಅದನ್ನೂ ಜನ ಸಂತನ ಈಟಿಯ ಲೆಕ್ಕಕ್ಕೇ ಬರೆದರು. ಮುಂದಿನ ಚಿತ್ರಗಳಲ್ಲಿ ಕುದುರೆಯ ಕಾಲಡಿಯಲ್ಲಿ ಬಿದ್ದಿರುವವನು ಈ ಕಲೊಯಾನನೇ.

ನೆಲಮಾಳಿಗೆಯನ್ನು ತಪ್ಪಿಸಬಾರದು. ಸಂತನು ಮಡಿದನೆಂದು ನಂಬಲಾಗುವ ರೋಮನ್ ಸ್ನಾನಗೃಹದ ಅವಶೇಷಗಳು, ಸಂತನಿಂದ ಒಸರುತ್ತದೆಂದು ನಂಬಲಾಗಿದ್ದ ಸುಗಂಧ ತೈಲವನ್ನು ಭಕ್ತರು ತುಂಬಿಕೊಳ್ಳುತ್ತಿದ್ದ ತೊಟ್ಟಿ, ಹಳೆಯ ಕಟ್ಟಡದ ಕೆತ್ತನೆಯ ಕಲ್ಲುಗಳು ಇಲ್ಲಿವೆ. 1493ರ ಸುಮಾರಿಗೆ ಬೆಸಿಲಿಕಾ ಮಸೀದಿಯಾದ ಮೇಲೆ ಮರೆತೇಹೋಗಿದ್ದ ಈ ಭಾಗ ಮತ್ತೆ ಬೆಳಕಿಗೆ ಬಂದದ್ದು, ವಿಚಿತ್ರವೆಂದರೆ, 1917ರ ಮಹಾ ಅಗ್ನಿದುರಂತದ ನಂತರವೇ.

ಅದೇ ಬೆಂಕಿಯು 1907ರಲ್ಲಷ್ಟೇ ಸುಣ್ಣದ ಪದರದಡಿಯಿಂದ ಹೊರತೆಗೆದಿದ್ದ ಮೊಸಾಯಿಕ್‌ಗಳ ಬಹುಭಾಗವನ್ನು ನುಂಗಿತು. ಇಂದು ಕಾಣುವ ಐದು ಅಂಕಣಗಳ ಕಟ್ಟಡದ ಹೆಚ್ಚಿನ ಭಾಗ 1949ರ ಹೊತ್ತಿಗೆ ಮುಗಿದ ಪುನರ್ನಿರ್ಮಾಣವಾದ್ದರಿಂದ ಗೋಡೆಗಳು ತೀರ ಹೊಸತಾಗಿಯೂ ಬೋಳಾಗಿಯೂ ತೋರುತ್ತವೆ. ಪ್ರಾಚೀನತೆಯ ವಾತಾವರಣವನ್ನು ಬಯಸುವವರಿಗೆ ಇದು ನಿರಾಸೆಯೇ. ಆದರೆ ಮೂಲವೆಂಬಂತೆ ನಟಿಸದ ಈ ಪ್ರಾಮಾಣಿಕತೆ ನನಗೆ ಹಿಡಿಸುತ್ತದೆ. ಇಟಲಿಯಿಂದ 1980ರ ವೇಳೆಗೆ ಮರಳಿ ಬಂದ ಸಂತನ ಪವಿತ್ರ ಅಸ್ಥಿಗಳೂ ಇಲ್ಲಿಯೇ ಇವೆ, ಅವುಗಳ ಮುಂದೆ ಭಕ್ತರು ಮೇಣದಬತ್ತಿ ಹಿಡಿದು ನಿಲ್ಲುತ್ತಾರೆ.

ಇದು ನಿತ್ಯಪೂಜೆ ನಡೆಯುವ ಚರ್ಚ್. ಆದ್ದರಿಂದ ಮೈಮುಚ್ಚುವ ಉಡುಪು ಧರಿಸಿ, ಪೂಜೆಯಿಲ್ಲದ ಹೊತ್ತು ನೋಡಿ ಹೋಗುವುದು ಸೂಕ್ತ. ನೆಲಮಾಳಿಗೆಯ ವೇಳೆಯನ್ನು ಪ್ರತ್ಯೇಕವಾಗಿ ವಿಚಾರಿಸಿಕೊಳ್ಳಬೇಕು. ಅಕ್ಟೋಬರ್ 26ರ ಹಬ್ಬದಂದು ಮೊಸಾಯಿಕ್‌ಗಳ ಮುಂದೆ ಸಾವಧಾನವಾಗಿ ನಿಲ್ಲುವ ಆಸೆಯನ್ನು ಬಿಟ್ಟು ಉತ್ಸವಕ್ಕಾಗಿಯೇ ಹೋಗುವುದು ಜಾಣತನ.