ಒಂದೇ ಜೀನ್ಸ್ ಲಾಟ್ ಪುಟ, ಮೂರು ಸಲ: ರಿಯಾಕ್ಟ್, ವ್ಯೂ, ಸ್ವೆಲ್ಟ್

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನಮ್ಮ ಮಾವನದು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್. ಯಾವ ಲಾಟ್ ಕಟಿಂಗ್‌ನಲ್ಲಿದೆ, ಯಾವುದು ಹೊಲಿಗೆಗೆ ಬಂತು, ಯಾವುದು ವಾಷಿಂಗ್‌ಗೆ ಹೋಯ್ತು ಅನ್ನೋದೆಲ್ಲ ಅವರ ಒಂದು ಉದ್ದನೆ ನೋಟ್‌ಬುಕ್‌ನಲ್ಲಿರುತ್ತದೆ. ಅದನ್ನು ಅವರು ಮನೆಯಲ್ಲಿ ಬಿಟ್ಟು ಬಂದ ದಿನ ಯೂನಿಟ್‌ನಲ್ಲಿ ಯಾರಿಗೂ ಏನೂ ಗೊತ್ತಾಗುವುದಿಲ್ಲ. "ಫೋನ್‌ನಾಗೇ ಕಾಣೋ ಹಂಗ ಮಾಡಿಕೊಡು" ಎಂದರು. ನನಗೆ ವೆಬ್ ಪುಟ ಬರೆಯುವ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ತಕ್ಕಮಟ್ಟಿಗೆ ಬರುತ್ತಿತ್ತು. ಯಾವ ಫ್ರೇಮ್‌ವರ್ಕ್ (ಪುಟ ಕಟ್ಟಲು ಸಿದ್ಧವಾಗಿ ಸಿಗುವ ಜಾವಾಸ್ಕ್ರಿಪ್ಟ್ ಸಲಕರಣೆ) ಹಿಡಿಯಬೇಕು ಎಂದು ಸುಮ್ನೆ ವಿಡಿಯೋ ನೋಡುತ್ತಾ ಕೂರುವ ಬದಲು, ಅದೇ ಪುಟವನ್ನು ರಿಯಾಕ್ಟ್, ವ್ಯೂ, ಸ್ವೆಲ್ಟ್ ಮೂರರಲ್ಲೂ ಒಂದೊಂದು ವಾರ ಕೂತು ಕಟ್ಟಿದೆ.

ಮೊದಲು ಕಾಂಪೊನೆಂಟ್ ಅಂದರೇನು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಮೂರಕ್ಕೂ ಇದೇ ಬುಡ. ಯೂನಿಟ್‌ನಲ್ಲಿ ಜೇಬಿಗೆ ಒಂದು ರಟ್ಟಿನ ಪ್ಯಾಟರ್ನ್ ಇರುತ್ತದೆ. ಅದನ್ನು ಒಮ್ಮೆ ಕತ್ತರಿಸಿಟ್ಟರೆ ಬಟ್ಟೆ ಯಾವುದೇ ಇರಲಿ, ಅದರ ಮೇಲೆ ಅದೇ ರಟ್ಟು ಇಟ್ಟು ಗೆರೆ ಎಳೆಯುತ್ತಾರೆ. ನನ್ನ ಪುಟದಲ್ಲಿ ಆ ರಟ್ಟು 'ಲಾಟ್ ಕಾರ್ಡ್'. ಲಾಟ್ ನಂಬರ್, 28ರಿಂದ 36ರವರೆಗಿನ ಸೈಜ್‌ಗಳು, ಪ್ರತಿ ಸೈಜಿಗೆ ಎಷ್ಟು ಪೀಸ್, ಕೆಳಗೆ ಒಟ್ಟು, ಮುಂದಿನ ಹಂತಕ್ಕೆ ಕಳಿಸುವ ಒಂದು ಬಟನ್. ಕಾರ್ಡನ್ನು ಒಂದೇ ಸಲ ಬರೆಯುವುದು, ಮೂವತ್ತು ಲಾಟ್ ಇದ್ದರೆ ಮೂವತ್ತು ಸಲ ತೋರಿಸುವುದು. ಡೇಟಾ ಎಲ್ಲಿ ಉಳಿಸಬೇಕು ಅನ್ನೋದು ಬೇರೆ ಮಾತು, ಇಲ್ಲಿ ಪುಟದ ವಿಷಯ ಮಾತ್ರ.

ಶುರು ಮಾಡುವುದರಲ್ಲಿ ಮೂರಕ್ಕೂ ವ್ಯತ್ಯಾಸ ಇಲ್ಲ. ನೋಡ್ (ಬ್ರೌಸರ್ ಹೊರಗೂ ಜಾವಾಸ್ಕ್ರಿಪ್ಟ್ ಓಡಿಸುವ ಸಾಫ್ಟ್‌ವೇರ್) ಹಾಕಿಕೊಂಡು ವೀಟ್ (ಹೊಸ ಪ್ರಾಜೆಕ್ಟ್ ಶುರು ಮಾಡಿಕೊಡುವ ಸಲಕರಣೆ) ಓಡಿಸಿದರೆ, ಯಾವುದು ಬೇಕು ಅಂತ ಅದೇ ಕೇಳುತ್ತದೆ. ರಿಯಾಕ್ಟ್‌ಗೆ ಮಾತ್ರ ಒಂದು ಎಚ್ಚರಿಕೆ: ಹಳೆಯ ಪಾಠಗಳು 'ಕ್ರಿಯೇಟ್ ರಿಯಾಕ್ಟ್ ಆ್ಯಪ್' ಎಂಬ ಸಲಕರಣೆಯಿಂದ ಶುರುವಾಗುತ್ತವೆ, ಅದನ್ನು 2025ರ ಫೆಬ್ರವರಿಯಲ್ಲಿ ರಿಯಾಕ್ಟ್ ತಂಡದವರೇ ಕೈಬಿಟ್ಟಿದ್ದಾರೆ. ಅಂಥ ಪಾಠ ಸಿಕ್ಕರೆ ಮುಚ್ಚಿ ಬೇರೆ ಹುಡುಕಿ.

ಮೊದಲ ವಾರ ರಿಯಾಕ್ಟ್. ಫೇಸ್‌ಬುಕ್ ಇದನ್ನು 2013ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಎರಡು ವಿಷಯ ನನ್ನನ್ನು ಹಿಡಿದು ನಿಲ್ಲಿಸಿದವು. ಒಂದು, ಹೊಸ ಲಾಟ್ ಸೇರಿಸಲು ಪಟ್ಟಿಗೆ ಪುಶ್ ಮಾಡಿದೆ (ಅಂದರೆ ಅದೇ ಪಟ್ಟಿಯ ಕೊನೆಗೆ ಸೇರಿಸಿದೆ), ಸ್ಕ್ರೀನ್ ಮೇಲೆ ಏನೂ ಬದಲಾಗಲಿಲ್ಲ, ಕೋಡ್ ಒಳಗೇನಿದೆ ಎಂದು ತೋರಿಸುವ ಬ್ರೌಸರ್‌ನ ಕನ್ಸೋಲ್‌ನಲ್ಲಿ ನೋಡಿದರೆ ಲಾಟ್ ಸೇರಿದೆ! ಒಂದು ಸಂಜೆ ಪೂರ್ತಿ ಇದಕ್ಕೇ ಹೋಯಿತು. ರಿಯಾಕ್ಟ್ ಪಟ್ಟಿಯ ಒಳಗೆ ಇಣುಕಿ ನೋಡುವುದಿಲ್ಲ, ಇದು ಹಳೆಯ ಪಟ್ಟಿಯೋ ಹೊಸ ಪಟ್ಟಿಯೋ ಅಂತಷ್ಟೇ ನೋಡುತ್ತದೆ, ಹಾಗಾಗಿ ಹಳೆಯದನ್ನು ನಕಲು ಮಾಡಿ ಹೊಸ ಪಟ್ಟಿಯನ್ನೇ ಕೊಡಬೇಕು. ಎರಡನೆಯದು ಒಟ್ಟು ಪೀಸ್. 30ರ ಸೈಜಿಗೆ 12, 32ರ ಸೈಜಿಗೆ 10 ಎಂದು ತುಂಬಿದರೆ 22 ಬರಬೇಕಲ್ವಾ, 1210 ಬಂತು. ಬ್ರೌಸರ್‌ನಲ್ಲಿ ನಾವು ತುಂಬುವ ಪೆಟ್ಟಿಗೆ ಕೊಡುವುದು ಅಕ್ಷರ, ಅಕ್ಷರಕ್ಕೆ ಅಕ್ಷರ ಕೂಡಿಸಿದರೆ ಜಾವಾಸ್ಕ್ರಿಪ್ಟ್ ಪಕ್ಕಪಕ್ಕ ಅಂಟಿಸುತ್ತದೆ. ಅದನ್ನು ಸಂಖ್ಯೆ ಮಾಡಿಕೊಳ್ಳುವ ಕೆಲಸ ರಿಯಾಕ್ಟ್‌ನಲ್ಲಿ ನಮ್ಮದೇ.

ಆದರೂ ಆ ವಾರ ನನ್ನ ಜಾವಾಸ್ಕ್ರಿಪ್ಟ್ ನಿಜವಾಗಿಯೂ ಗಟ್ಟಿಯಾಯಿತು. ರಿಯಾಕ್ಟ್‌ನಲ್ಲಿ ಪಟ್ಟಿ ತೋರಿಸಲು ಬೇರೆ ಗುರುತುಗಳಿಲ್ಲ, ಪಟ್ಟಿಯ ಒಂದೊಂದಕ್ಕೂ ಅದೇ ಕೆಲಸ ಮಾಡುವ ಜಾವಾಸ್ಕ್ರಿಪ್ಟ್‌ನ ಮ್ಯಾಪ್ ಅನ್ನೇ ಬಳಸುತ್ತೀರಿ. ಸಿಕ್ಕಿಹಾಕಿಕೊಂಡಾಗ ಉತ್ತರ ಸಿಗುವುದೂ ಇದಕ್ಕೇ ಜಾಸ್ತಿ.

ಎರಡನೇ ವಾರ ವ್ಯೂ. ಇದು ಇವಾನ್ ಯೂ 2014ರಲ್ಲಿ ಹೊರತಂದದ್ದು, ವೀಟ್ ಕೂಡ ಅವರದೇ. ಒಂದು ಫೈಲ್, ಅದರಲ್ಲಿ ಮೂರು ಭಾಗ: ಲೆಕ್ಕ, ಪುಟ, ಬಣ್ಣ. ಪುಟದ ಭಾಗ ನಾವು ಮೊದಲಿಂದ ಬರೆಯುವ ಎಚ್‌ಟಿಎಂಎಲ್ ಥರವೇ ಕಾಣುತ್ತದೆ. ಪೆಟ್ಟಿಗೆಗೆ ವಿ-ಮಾಡೆಲ್ (ಪೆಟ್ಟಿಗೆಯನ್ನು ಲೆಕ್ಕದ ಭಾಗಕ್ಕೆ ಜೋಡಿಸುವ ಗುರುತು) ಹಾಕಿದೆ, ಅದರ ಟೈಪ್ ನಂಬರ್ ಎಂದು ಬರೆದಿದ್ದೆ, ಒಟ್ಟು ನೇರವಾಗಿ 22 ಬಂತು. ಪುಶ್ ಮಾಡಿದರೆ ಕಾರ್ಡ್ ತಕ್ಷಣ ಮೂಡಿತು. ಇದರಲ್ಲಿ ಕಾಡಿದ್ದು 'ಡಾಟ್ ವ್ಯಾಲ್ಯೂ'. ರೆಫ್ ಮಾಡಿದ (ಬದಲಾದರೆ ಪುಟವೂ ಬದಲಾಗಲಿ ಎಂದು ಗುರುತು ಹಾಕಿದ) ಹೆಸರಿಗೆ ಲೆಕ್ಕದ ಭಾಗದಲ್ಲಿ ಅದನ್ನು ಹಾಕಬೇಕು, ಪುಟದ ಭಾಗದಲ್ಲಿ ಹಾಕಬಾರದು. ಎರಡು ದಿನ ಮರೆಯುತ್ತಲೇ ಇದ್ದೆ, ಮೂರನೇ ದಿನ ಕೈಗೆ ಕೂತಿತು. ಇಲ್ಲಿಯೂ ಹಳೆಯ ಪಾಠಗಳ ಕಾಟ ಇದೆ. ವ್ಯೂ 2ಕ್ಕೆ ಬೆಂಬಲ 2023ರ ಡಿಸೆಂಬರ್ 31ಕ್ಕೆ ಮುಗಿದಿದೆ, ವ್ಯೂ 3 ಎಂದು ಬರೆದಿರುವುದನ್ನೇ ಓದಿ.

ಸ್ವೆಲ್ಟ್ ಬರೆಯುವಾಗ ಬಂದ ಖುಷಿ ಉಳಿದೆರಡರಲ್ಲಿ ಬರಲಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ಅದೇ ಕಾರ್ಡ್, ಎಲ್ಲಕ್ಕಿಂತ ಕಡಿಮೆ ಸಾಲು. ಸಂಖ್ಯೆಯ ಪೆಟ್ಟಿಗೆ ಸಂಖ್ಯೆಯನ್ನೇ ಕೊಡುತ್ತದೆ. ರಿಚ್ ಹ್ಯಾರಿಸ್ 2016ರಲ್ಲಿ ಇದನ್ನು ಶುರು ಮಾಡಿದಾಗಿನ ಯೋಚನೆಯೇ ಬೇರೆ: ನಮ್ಮ ಕಂಪ್ಯೂಟರ್‌ನಲ್ಲೇ ಕೋಡನ್ನು ಸಣ್ಣ ಜಾವಾಸ್ಕ್ರಿಪ್ಟ್ ಆಗಿ ಕಂಪೈಲ್ ಮಾಡಿಬಿಟ್ಟರೆ, ಫೋನಿಗೆ ಹೋಗುವ ಹೊರೆ ಕಡಿಮೆ. ನನ್ನ ಬಿಲ್ಡ್‌ಗಳು (ಫೋನಿಗೆ ಕಳಿಸಲು ಸಿದ್ಧವಾದ ಫೈಲ್‌ಗಳು) ಕುಗ್ಗಿಸಿದ ಮೇಲೆ ರಿಯಾಕ್ಟ್‌ನದು 60 ಕೆಬಿ ಆಸುಪಾಸು, ವ್ಯೂನದು 25, ಸ್ವೆಲ್ಟ್‌ನದು 15. ವಾಷಿಂಗ್ ಯೂನಿಟ್ ಕಡೆ ಸಿಗ್ನಲ್ ಒಂದೇ ಕಡ್ಡಿ ಇರುವಾಗ ಈ ಅಂತರ ಕಣ್ಣಿಗೆ ಕಂಡಿತು. ತೊಂದರೆ ಎಂದರೆ 2024ರ ಅಕ್ಟೋಬರ್‌ನಲ್ಲಿ ಸ್ವೆಲ್ಟ್ 5 ಬಂದು ಬರೆಯುವ ರೀತಿಯೇ ಬದಲಾಯಿತು. ಅದಕ್ಕಿಂತ ಹಿಂದಿನ ಉದಾಹರಣೆ ನೋಡಿ ಕಲಿಯಲು ಹೋದರೆ ಎರಡೂ ಕಲಸಿಹೋಗುತ್ತವೆ. ಕೇಳೋಣ ಎಂದರೆ ನನ್ನ ಗುರುತಿನವರಲ್ಲಿ ಇದನ್ನು ಬಲ್ಲವರು ಒಬ್ಬರೂ ಇಲ್ಲ.

ಆ್ಯಂಗುಲರ್ ಎಂಬ ಇನ್ನೊಂದು ಫ್ರೇಮ್‌ವರ್ಕನ್ನೂ ಒಂದು ಸಂಜೆ ತೆರೆದು ನೋಡಿದೆ. ಟೈಪ್‌ಸ್ಕ್ರಿಪ್ಟ್ (ಜಾವಾಸ್ಕ್ರಿಪ್ಟ್ ಮೇಲೆ ಕಟ್ಟಿದ ಭಾಷೆ) ಜೊತೆಗೇ ಕಲಿಯಬೇಕು, ದೊಡ್ಡ ತಂಡಕ್ಕೆ ಅದು ಸರಿ ಇರಬಹುದು, ಒಬ್ಬರೇ ಕೂತು ಶುರು ಮಾಡುವವರಿಗೆ ಬೇಡ.

ನನ್ನ ಆಯ್ಕೆ ತೀರ್ಮಾನವಾದದ್ದು ನನ್ನಿಂದಲ್ಲ, ಮಾವನ ಮಗಳಿಂದ. ಬಿಸಿಎ ಓದುತ್ತಿದ್ದಾಳೆ. ನಾನು ಊರಲ್ಲಿ ಇಲ್ಲದಾಗ ಪುಟ ಕೆಟ್ಟರೆ ನೋಡಬೇಕಾದವಳು ಅವಳೇ. ಮೂರನ್ನೂ ಅವಳ ಮುಂದೆ ತೆರೆದಿಟ್ಟೆ. ರಿಯಾಕ್ಟ್ ನೋಡಿ "ಇದರಲ್ಲಿ ಪುಟ ಎಲ್ಲಿ ಮುಗೀತದ, ಲೆಕ್ಕ ಎಲ್ಲಿ ಶುರು ಆಗ್ತದ?" ಎಂದು ಕೇಳಿದಳು. ಸ್ವೆಲ್ಟ್ ಅವಳಿಗೆ ಹಿಡಿಸಿತು, ಆದರೆ ಹುಡುಕಿದಾಗಲೆಲ್ಲ ಹಳೆಯ ರೀತಿಯ ಉತ್ತರವೇ ಎದುರಾಯಿತು. ವ್ಯೂ ಫೈಲನ್ನು ಮಾತ್ರ ಮೇಲಿಂದ ಕೆಳಗೆ ಓದಿ, ಯಾವ ಸಾಲು ಏನು ಮಾಡುತ್ತದೆ ಎಂದು ನನಗೇ ಹೇಳಿದಳು. ಯೂನಿಟ್‌ನಲ್ಲಿ ಈಗ ಓಡುತ್ತಿರುವುದು ವ್ಯೂ.

ಶುರು ಮಾಡುವವರು ಕೇಳಿದರೆ ನಾನು ವ್ಯೂ ಎಂದೇ ಹೇಳುತ್ತೇನೆ. ಬೆಂಗಳೂರಿಗೆ ಹೋಗಿ ಕೆಲಸ ಹಿಡಿಯಬೇಕು ಎನ್ನುವವರು ಮಾತ್ರ ಮೊದಲ ದಿನದಿಂದಲೇ ರಿಯಾಕ್ಟ್ ಹಿಡಿಯಲಿ, ಕಷ್ಟವಾದರೂ ಬಿಡದೆ. ಅವಳೂ ಮುಂದೆ ಅದನ್ನು ಕಲಿಯುತ್ತಾಳಂತೆ. ಸದ್ಯಕ್ಕೆ ಕಾರ್ಡ್‌ನಲ್ಲಿ ಪೀಸ್ ಜೊತೆಗೆ ಡಜನ್ ಲೆಕ್ಕವೂ ಬರಬೇಕು ಎಂದು ಮಾವ ಕೇಳಿದ್ದರು. ಹೋದ ಭಾನುವಾರ ಆ ಸಾಲನ್ನು ಅವಳೇ ಸೇರಿಸಿದ್ದಾಳೆ, ನನಗೆ ಒಂದು ಫೋನ್ ಕೂಡ ಮಾಡದೆ.