ಗ್ಯಾಸ್ ಗೀಸರ್, ನಾಲ್ಕು ಚಳಿಗಾಲದ ನಂತರ: ಯಂತ್ರ ಗಟ್ಟಿ, ಗ್ಯಾಸ್ ಪ್ರೆಷರ್ ಮಾತ್ರ ಕೇಳಿ ಪಡೆಯಬೇಕು

ಬಳಸುತ್ತಿರುವುದು ನಿಮಿಷಕ್ಕೆ 6 ಲೀಟರಿನ ಗ್ಯಾಸ್ ಗೀಸರ್, ಎಲ್‌ಪಿಜಿ ಮಾಡೆಲ್. ಊರು ಹಾಸನ. ನಮ್ಮದು ಗ್ಯಾಸ್ ಬ್ಯಾಂಕ್ ಇರುವ ಅಪಾರ್ಟ್‌ಮೆಂಟ್. ಕೆಳಗೆ ಸಿಲಿಂಡರ್‌ಗಳ ಸಾಲು, ಅಲ್ಲಿಂದ ಪೈಪು, ಪ್ರತಿ ಮನೆಗೂ ಒಂದು ರೆಗ್ಯುಲೇಟರ್, ಒಂದು ಮೀಟರ್. ಕಂಪನಿ ಹೆಸರು ಬರೆಯುತ್ತಿಲ್ಲ. ಯಾಕೆಂದರೆ ನಾನು ಹೇಳುವ ತೊಂದರೆ ಯಾವ ಕಂಪನಿಯ ಗೀಸರ್ ತಂದರೂ ಬರುತ್ತದೆ.

ಗೀಸರ್‌ಗೆ ಐದಕ್ಕೆ ನಾಲ್ಕು ಸ್ಟಾರ್. ಫಿಟ್ಟಿಂಗ್ ಮಾಡಿಕೊಟ್ಟವರಿಗೆ ಒಂದು, ಅದೂ ಸಮಯಕ್ಕೆ ಬಂದರಲ್ಲ ಅಂತ.

ಕರೆಂಟ್ ಗೀಸರ್ ಬಿಟ್ಟು ಇದನ್ನು ತಂದಿದ್ದಕ್ಕೆ ಕಾರಣ ಸರಳ. ಬೆಳಗ್ಗೆ ಕರೆಂಟ್ ಹೋದರೂ ಸ್ನಾನ ನಿಲ್ಲಬಾರದು. ಇದಕ್ಕೆ ಬೇಕಾದದ್ದು ಎರಡು ದಪ್ಪ ಬ್ಯಾಟರಿ ಸೆಲ್ಲು ಮಾತ್ರ. ನಲ್ಲಿ ತಿರುಗಿಸಿದರೆ ಟಿಕ್ ಟಿಕ್ ಎಂದು ಹತ್ತಿಕೊಳ್ಳುತ್ತದೆ, ಒಬ್ಬರಾದ ಮೇಲೆ ಒಬ್ಬರು ಸ್ನಾನಕ್ಕೆ ಹೋದರೂ ನೀರು ಕಾಯುವವರೆಗೆ ಕೂರಬೇಕಿಲ್ಲ. ಏಪ್ರಿಲ್‌ನಲ್ಲಿ ಹಾಕಿಸಿದೆವು. ಬೇಸಿಗೆ, ಮಳೆಗಾಲ ಎರಡೂ ಬಿಸಿನೀರಿಗೆ ಕೊರತೆಯಿಲ್ಲದೆ ಕಳೆದವು.

ಡಿಸೆಂಬರ್ ಬಂತು ನೋಡಿ. ಹಾಸನವನ್ನು ಬಡವರ ಊಟಿ ಅಂತ ಸುಮ್ನೆ ಕರೆಯುವುದಿಲ್ಲ. ಬೆಳಗ್ಗೆ ಏಳರ ಹೊತ್ತಿಗೆ ನೀರು ಬರೀ ಉಗುರುಬೆಚ್ಚಗೆ ಬರತೊಡಗಿತು. ಅತ್ತೆ ಅಕ್ಕಿ ರೊಟ್ಟಿಗೆ ಹೆಂಚಿಟ್ಟರಂತೂ ಮುಗಿಯಿತು, ಬಚ್ಚಲಿನಿಂದ ಕೂಗು. ಮಧ್ಯಾಹ್ನ ಹನ್ನೆರಡಕ್ಕೆ ಅದೇ ಗೀಸರ್, ಅದೇ ನಲ್ಲಿ, ನೀರು ಕುದಿ ಬಿಸಿ. ಮಧ್ಯಾಹ್ನ ಯಾರು ಸ್ನಾನ ಮಾಡುತ್ತಾರೆ ಹೇಳಿ?

ಸರ್ವಿಸ್‌ನವರು ಬಂದು ಬರ್ನರ್ ಒರೆಸಿದರು, ಸೆಲ್ಲು ಬದಲಾಯಿಸಿದರು, ಡಯಾಫ್ರಾಮ್ ಹೋಗಿದೆ ಎಂದರು. ಹೊಸದು ಹಾಕಿದರು, ದುಡ್ಡು ತಗೊಂಡರು. ಏನೂ ಬದಲಾಗಲಿಲ್ಲ. ಬದಲಾಗುವುದೂ ಇರಲಿಲ್ಲ ಅನ್ನಿ. ಆ ಡಯಾಫ್ರಾಮ್ ನೀರಿನ ಒತ್ತಡಕ್ಕೆ ಗ್ಯಾಸ್ ಬಾಗಿಲು ತೆರೆಯುವ ಭಾಗ. ಅದು ಕೆಟ್ಟರೆ ಅಥವಾ ಟ್ಯಾಂಕಿನ ನೀರು ನಿಧಾನಕ್ಕೆ ಬಂದರೆ ಗೀಸರ್ ಸರಿಯಾಗಿ ಹತ್ತುವುದೇ ಇಲ್ಲ. ನಮ್ಮದು ಸಲೀಸಾಗಿ ಹತ್ತುತ್ತಿತ್ತು, ಕಾಯಿಸುತ್ತಿರಲಿಲ್ಲ. ಹತ್ತದಿದ್ದರೆ ಮೊದಲು ನೀರಿನ ಕಡೆ ಮತ್ತು ಸೆಲ್ಲು ನೋಡಿ. ಹತ್ತಿ ಜ್ವಾಲೆ ಚಿಕ್ಕದಾಗಿದ್ದರೆ ಗ್ಯಾಸ್ ಕಡೆ ನೋಡಿ.

ಆಮೇಲೆ ಗ್ಯಾಸ್ ಬ್ಯಾಂಕ್ ನೋಡಿಕೊಳ್ಳುವ ಗುತ್ತಿಗೆದಾರರ ಹುಡುಗ ಬಂದ. ಒಲೆ, ಗೀಸರ್ ಎರಡೂ ಆಫ್ ಮಾಡಿಸಿ ಗೇಜ್ ಹಚ್ಚಿದ. 'ಫುಲ್ ಪ್ರೆಷರ್ ಇದೆ ಮೇಡಂ, ನಮ್ಮದೇನೂ ತಪ್ಪಿಲ್ಲ.' ಮುಳ್ಳು ಸರಿಯಾಗಿಯೇ ಇತ್ತು. ಆದರೆ ಗ್ಯಾಸ್ ಹರಿಯದೇ ಇರುವಾಗ ಪೈಪಿನಲ್ಲಿ ಪ್ರೆಷರ್ ಕಳೆಯುವುದೇ ಇಲ್ಲ. ಎಷ್ಟೇ ಸಣ್ಣ ಪೈಪಾದರೂ, ಎಷ್ಟೇ ಉದ್ದವಾದರೂ ಪೂರ್ತಿ ತೋರಿಸುತ್ತದೆ. ನೋಡಬೇಕಾದದ್ದು ಉರಿಯುವಾಗ ಎಷ್ಟು ಉಳಿಯುತ್ತದೆ ಎಂದು. ಎಲ್ಲವನ್ನೂ ಆಫ್ ಮಾಡಿಸಿ ಅಳೆದು ಸಹಿ ಹಾಕಿಸಿಕೊಂಡು ಹೋಗುವವರನ್ನು ದಯವಿಟ್ಟು ಹಾಗೇ ಕಳಿಸಬೇಡಿ.

ನಮಗೆ ದಾರಿ ತೋರಿಸಿದ್ದು ಹೋಟೆಲ್‌ಗಳಿಗೆ ಗ್ಯಾಸ್ ಲೈನ್ ಹಾಕುವ ಹಳೇ ಫಿಟ್ಟರ್ ಒಬ್ಬರು. ಅವರ ಹತ್ತಿರ ಇದ್ದದ್ದು ಯು ಆಕಾರದ ಪಾರದರ್ಶಕ ಟ್ಯೂಬು, ಒಳಗೆ ನೀರು, ಪಕ್ಕದಲ್ಲಿ ಸ್ಕೇಲು. ಮನೆಯ ಎಲ್‌ಪಿಜಿ ಒಲೆ, ಗೀಸರ್‌ಗಳಿಗೆ ಬೇಕಾದ ಪ್ರೆಷರ್ ಸುಮಾರು 30 ಮಿಲಿಬಾರ್. ಅಂದರೆ 30 ಸೆಂಟಿಮೀಟರ್ ನೀರನ್ನು ಎತ್ತುವಷ್ಟು, ಒಂದು ಅಡಿ ಸ್ಕೇಲಿನಷ್ಟು ಎತ್ತರ. ಇರುವುದೇ ಇಷ್ಟು, ಅದರಲ್ಲಿ ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಕಳೆದರೆ ಉಳಿಯುವುದೇನು?

ಬೆಳಗ್ಗೆ ಏಳಕ್ಕೇ ಬರುತ್ತೇನೆ ಎಂದು ಹಟ ಹಿಡಿದು ಅದೇ ಹೊತ್ತಿಗೆ ಬಂದರು. 'ಅಮ್ಮಾ, ರೊಟ್ಟಿ ಬೇಯಿಸ್ತಾ ಇರಿ, ಅಕ್ಕಾ ನೀವು ಬಿಸಿನೀರು ಪೂರ್ತಿ ಬಿಡಿ' ಎಂದು ಎಲ್ಲವನ್ನೂ ಉರಿಸಿಯೇ ಅಳೆದರು. ಗೀಸರ್ ಹತ್ತಿರ 17 ಮಿಲಿಬಾರ್. ನಂತರ ಮೀಟರ್ ಪಕ್ಕ ಅಳೆದರು, 23. ಈ ಎರಡು ಅಂಕಿ ಸಿಕ್ಕಿದ್ದೇ ತಡ, ಜಗಳ ಅರ್ಧ ಮುಗಿಯಿತು. ಮೀಟರಿಗೆ ಬರುವ ಮೊದಲೇ 7 ಹೋಗಿದೆ, ಅದು ಗ್ಯಾಸ್ ಬ್ಯಾಂಕಿನವರ ಲೆಕ್ಕ. ಮೀಟರ್ ದಾಟಿ ಮನೆಯೊಳಗೆ 6 ಹೋಗಿದೆ, ಅದು ಗೀಸರ್ ಫಿಟ್ಟಿಂಗ್ ಮಾಡಿದವರ ಲೆಕ್ಕ.

17 ಎಂದರೆ ಅರ್ಧಕ್ಕಿಂತ ಜಾಸ್ತಿ ಇದೆಯಲ್ಲ, ಉರಿಯೂ ಅದೇ ಲೆಕ್ಕದಲ್ಲಿ ಇಳಿಯುತ್ತದಾ ಎಂದು ನನ್ನ ಗಂಡ ಕೇಳಿದರು. ಹಾಗಲ್ಲ, ಜೆಟ್ಟಿನಿಂದ, ಅಂದರೆ ಬರ್ನರಿಗೆ ಗ್ಯಾಸ್ ಚಿಮ್ಮಿಸುವ ಸಣ್ಣ ತೂತಿನಿಂದ, ಹೊರಬರುವ ಗ್ಯಾಸ್ ಪ್ರೆಷರ್‌ನ ವರ್ಗಮೂಲದ ಲೆಕ್ಕದಲ್ಲಿ ಇಳಿಯುತ್ತದೆ. 30ರಿಂದ 17ಕ್ಕೆ ಬಂದರೆ ಉರಿ ಸುಮಾರು ಕಾಲುಭಾಗ ಕಡಿಮೆ. ಗೀಸರ್ ನೀರನ್ನು 25 ಡಿಗ್ರಿ ಏರಿಸುವ ಕಡೆ 19 ಡಿಗ್ರಿ ಏರಿಸುತ್ತದೆ. ಚಳಿಗಾಲದಲ್ಲಿ ಟ್ಯಾಂಕಿನ ನೀರು 18 ಡಿಗ್ರಿ ಇದ್ದರೆ ಬಚ್ಚಲಿಗೆ ಬರುವುದು 37. ಮೈ ಬಿಸಿಯೂ ಅಷ್ಟೇ. ಅದಕ್ಕೇ ಬಿಸಿ ಅನ್ನಿಸುವುದಿಲ್ಲ.

ಮನೆಯೊಳಗಿನ ನಷ್ಟಕ್ಕೆ ಕಾರಣ ಪೈಪು. ಅಡುಗೆ ಒಲೆಗೆ ಬಂದಿದ್ದ ಸಣ್ಣ ಪೈಪಿಗೇ ಟಿ ಹಾಕಿ ಕವಲು ತೆಗೆದು, ಅಲ್ಲಿಂದ ಗೀಸರ್ ಇರುವ ಯುಟಿಲಿಟಿವರೆಗೆ ನಾಲ್ಕಾರು ಎಲ್ಬೋ (ಪೈಪು ತಿರುಗಿಸುವ ಬಾಗಿದ ತುಂಡು) ಹಾಕಿ ತಿರುಗಿಸಿ, ಕೊನೆಗೆ ಉದ್ದದ ರಬ್ಬರ್ ಪೈಪು ಜೋಡಿಸಿದ್ದರು. ಒಲೆಯ ದೊಡ್ಡ ಬರ್ನರ್ ಸುಮಾರು 2 ಕಿಲೋವ್ಯಾಟ್. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಗೀಸರ್ ಉರಿಸಬೇಕಾದದ್ದು 12 ಕಿಲೋವ್ಯಾಟ್ ಆಸುಪಾಸು, ಗಂಟೆಗೆ ಹೆಚ್ಚುಕಡಿಮೆ ಒಂದು ಕೆ.ಜಿ. ಗ್ಯಾಸ್. ಪೈಪಿನಲ್ಲಿ ಎರಡು ಪಟ್ಟು ಗ್ಯಾಸ್ ಹರಿದರೆ ಪ್ರೆಷರ್ ನಷ್ಟ ಹತ್ತಿರಹತ್ತಿರ ನಾಲ್ಕು ಪಟ್ಟು. ಒಲೆಗೆ ಸಾಕಾಗಿದ್ದ ಪೈಪು ಗೀಸರ್‌ಗೆ ಸೋತಿದ್ದು ಹೀಗೆ. ಮೀಟರ್ ಪಕ್ಕದಿಂದಲೇ ದಪ್ಪ ಪೈಪಿನ ಬೇರೆ ಲೈನ್ ಎಳೆಸಿದೆವು. ರಬ್ಬರ್ ಪೈಪು ಗಿಡ್ಡದಾಯಿತು.

ಮೀಟರ್ ಮೇಲೆ ಅಕ್ಕಪಕ್ಕದವರಿಗೆಲ್ಲ ಅನುಮಾನ ಇತ್ತು. ಪಾಪ, ಅದರದ್ದೇನೂ ಇಲ್ಲ. ಜಿ 1.6 ಎಂದು ಬರೆದಿರುವ ಸಣ್ಣ ಮೀಟರ್ ಕೂಡ ಗಂಟೆಗೆ 2.5 ಘನ ಮೀಟರ್ ಬಿಡುತ್ತದೆ. ನಮ್ಮ ಗೀಸರ್‌ಗೆ ಅರ್ಧ ಘನ ಮೀಟರ್ ಕೂಡ ಬೇಡ.

ಬ್ಯಾಂಕಿನ ಕಡೆಯದು ಚಳಿಯ ಕತೆ. ಸಿಲಿಂಡರ್ ಒಳಗೆ ದ್ರವ ಇರುತ್ತದೆ. ಅದು ಆವಿಯಾಗಲು ಸುತ್ತಲಿನ ಬಿಸಿಯನ್ನೇ ಎಳೆದುಕೊಳ್ಳಬೇಕು. ಎಲ್‌ಪಿಜಿಯಲ್ಲಿ ಪ್ರೊಪೇನ್ ಜತೆ ಬ್ಯುಟೇನ್ ಇದೆ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ, ಬ್ಯುಟೇನ್ ಸೊನ್ನೆಯ ಆಸುಪಾಸಿನಲ್ಲಿ. ಹಾಗಾಗಿ ಚಳಿ ಬೆಳಗ್ಗೆ ಆವಿಯ ಜೋರು ಇಳಿಯುತ್ತದೆ. ನಮ್ಮ ಬ್ಯಾಂಕ್ ಇರುವುದು ಕಟ್ಟಡದ ಹಿಂದೆ, ಬಿಸಿಲು ಬೀಳದ ಮೂಲೆಯಲ್ಲಿ. ಲೈನಿಗೆ ಒಂದೇ ಕಡೆಯ ಸಿಲಿಂಡರ್‌ಗಳನ್ನು ಬಿಟ್ಟಿದ್ದರು, ಅವೂ ಮುಗಿಯುತ್ತಾ ಬಂದಿದ್ದವು. ದ್ರವ ಕಡಿಮೆಯಾದಷ್ಟೂ ಆವಿ ಏಳುವುದೂ ಕಡಿಮೆ. ಎಲ್ಲ ಮನೆಯವರೂ ಒಟ್ಟಿಗೆ ಗೀಸರ್ ಹಾಕುವ ಹೊತ್ತಿಗೆ ಸಿಲಿಂಡರ್ ಮೈಯೆಲ್ಲ ಬೆವರು. ವಾಚ್‌ಮನ್ ಬಿಸಿನೀರು ಸುರಿಯುತ್ತಿದ್ದನಂತೆ, ಯಾರೋ ಹೇಳಿಕೊಟ್ಟಿದ್ದು. ಅದನ್ನು ಮೊದಲು ನಿಲ್ಲಿಸಿದೆವು. ಸಿಲಿಂಡರ್‌ಗೆ ಬಿಸಿ ತಾಗಿಸುವ ಯಾವ ಉಪಾಯವೂ ಬೇಡ. ಈಗ ಚಳಿಗಾಲದಲ್ಲಿ ಜಾಸ್ತಿ ಸಿಲಿಂಡರ್‌ಗಳನ್ನು ಒಟ್ಟಿಗೆ ತೆರೆಯುತ್ತಾರೆ. ಒಂದೊಂದರ ಮೇಲಿನ ಎಳೆತ ಕಡಿಮೆ.

ಈಗ ಎಲ್ಲ ಉರಿಯುವಾಗ ಗೀಸರ್ ಹತ್ತಿರ 27 ಸಿಗುತ್ತದೆ. ರೊಟ್ಟಿಯೂ ಆಗುತ್ತದೆ, ಸ್ನಾನವೂ ಆಗುತ್ತದೆ.

ಹೊಸದಾಗಿ ಹಾಕಿಸುವವರಿಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಗ್ಯಾಸ್ ಗೀಸರ್ ಬಚ್ಚಲ ಒಳಗೆ ಬೇಡವೇ ಬೇಡ. ಕಿಟಕಿ ಇದೆ ಎಂದರೂ ಬೇಡ. ಸೋರಿದ ಎಲ್‌ಪಿಜಿಗಾದರೂ ವಾಸನೆ ಸೇರಿಸಿರುತ್ತಾರೆ. ಗಾಳಿ ಸಾಲದೆ ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಪ್ರಜ್ಞೆ ತಪ್ಪುವುದು ಅದರಿಂದ. ಯುಟಿಲಿಟಿಯಲ್ಲೋ ಬಾಲ್ಕನಿಯಲ್ಲೋ ಗಾಳಿಯಾಡುವ ಕಡೆ ಇರಲಿ. ಜ್ವಾಲೆ ನೀಲಿಯಾಗಿರಬೇಕು. ಹಳದಿ ಬಂದರೆ, ಮಸಿ ಕಂಡರೆ ಬಳಸುವುದು ನಿಲ್ಲಿಸಿ ತೋರಿಸಿ. ಗ್ಯಾಸ್ ಸೋರಿಕೆಗೆ 1906 ಸಹಾಯವಾಣಿ ಇದೆ.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಬೇಸಿಗೆಗಾಗಿ. ಉರಿಯನ್ನು ಎಷ್ಟು ಇಳಿಸಿದರೂ ನೀರು ಸುಡುತ್ತದೆ, ತಣ್ಣೀರು ಬೆರೆಸಲು ಹೋಗಿ ಬಿಸಿನಲ್ಲಿ ಸಣ್ಣ ಮಾಡಿದರೆ ಗೀಸರ್ ಆರಿಹೋಗುತ್ತದೆ. ಇನ್ನೊಂದು, ಆನ್‌ಲೈನ್‌ನಲ್ಲಿ ತರಿಸುವವರು ಲೇಬಲ್ ಓದಿ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲದ ಮಾಡೆಲ್‌ಗಳು 21 ಮಿಲಿಬಾರ್ ಲೆಕ್ಕದವು, ಜೆಟ್ಟೇ ಬೇರೆ. ಅದನ್ನು ಎಲ್‌ಪಿಜಿಗೆ ಹಚ್ಚಬಾರದು, ಇದನ್ನು ಅದಕ್ಕೂ ಹಚ್ಚಬಾರದು. ಮುಂದೆ ನಿಮ್ಮ ಬೀದಿಗೆ ಆ ಗ್ಯಾಸ್ ಬಂದರೆ ಜೆಟ್ ಬದಲಾಯಿಸಿ ಕೊಡುತ್ತೀರಾ ಎಂದು ಕೊಳ್ಳುವಾಗಲೇ ಅಂಗಡಿಯವರನ್ನು ಕೇಳಿಕೊಳ್ಳಿ.